ಬಿಡುಗಡೆಯ ಮೊದಲ ಕಾಗದ

ನನ್ನ ಚಿಕ್ಕಮ್ಮನ ಮಗಳನ್ನು ಕರೆದುಕೊಂಡು ವಕೀಲರೊಬ್ಬರ ಕಚೇರಿಗೆ ಹೋಗಿದ್ದೆ. ಅವಳ ಮದುವೆಯಾಗಿ ಹತ್ತು ತಿಂಗಳಾಗಿತ್ತು. ಮೂರನೆಯ ತಿಂಗಳಿಗೇ ಕೆಲಸದ ನೆಪ ಹೇಳಿ ಬೇರೆ ಊರಿಗೆ ಹೋದ ಗಂಡ ಮೊದಮೊದಲು ಫೋನ್ ಎತ್ತುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಅವನ ಮನೆಯವರನ್ನು ಕೇಳಿದರೆ ‘ಅವನು ನಮ್ಮ ಮಾತೂ ಕೇಳಲ್ಲ’ ಅನ್ನುವ ಉತ್ತರ. ಹೊಡೆತ ಬಡಿತ ಇಲ್ಲ, ವರದಕ್ಷಿಣೆಯ ಮಾತಿಲ್ಲ. ಇಬ್ಬರೂ ಒಪ್ಪಿ ಅರ್ಜಿ ಹಾಕೋಣವೆಂದರೆ ಸಹಿ ಹಾಕಬೇಕಾದ ಮನುಷ್ಯ ಕೈಗೇ ಸಿಗುವುದಿಲ್ಲ.

ವಕೀಲರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ‘ನೋಡಮ್ಮ, ಮದುವೆಯಾಗಿ ಒಂದು ವರ್ಷ ಆಗೋವರೆಗೆ ಡೈವೋರ್ಸ್ ಅರ್ಜಿ ಹಾಕೋ ಹಾಗಿಲ್ಲ. ಬಿಟ್ಟುಹೋಗಿದಾನೆ ಅನ್ನೋ ಕಾರಣ ಕೊಡಬೇಕಾದರೆ ಎರಡು ವರ್ಷ ತುಂಬಬೇಕು. ಸದ್ಯಕ್ಕೆ ಸೆಕ್ಷನ್ ಒಂಬತ್ತು ಹಾಕೋಣ. ನೋಟಿಸ್ ಹೋದರೆ ಅವನೇ ಮಾತಿಗೆ ಬರ್ತಾನೆ. ಬರದೇ ಇದ್ದರೆ ಡಿಕ್ರಿ ಆಗುತ್ತೆ, ಒಂದು ವರ್ಷ ಬಿಟ್ಟು ಅದರ ಮೇಲೇ ಡೈವೋರ್ಸ್ ಕೇಳಬಹುದು.’

ಸೆಕ್ಷನ್ ಒಂಬತ್ತು ಎಂದರೆ 1955ರ ಹಿಂದೂ ವಿವಾಹ ಕಾಯ್ದೆಯ ಒಂಬತ್ತನೆಯ ಕಲಮು. ಅದರ ಹೆಸರು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ಗಂಡನೋ ಹೆಂಡತಿಯೋ ಸರಿಯಾದ ಕಾರಣವಿಲ್ಲದೆ ದೂರವಾಗಿದ್ದಾರೆ, ಅವರು ಬಂದು ನನ್ನೊಡನೆ ಬಾಳುವಂತೆ ಆಜ್ಞೆ ಮಾಡಿ ಎಂದು ನ್ಯಾಯಾಲಯವನ್ನು ಬೇಡುವ ಅರ್ಜಿ ಇದು.

ಕಚೇರಿಯ ಮೆಟ್ಟಿಲಿಳಿದು ಎಳನೀರಿನ ಗಾಡಿಯ ಹತ್ತಿರ ಬರುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, ‘ಅಲ್ಲಕ್ಕಾ, ಬಿಡುಗಡೆ ಬೇಕು ಅಂತ ಬಂದವಳ ಹತ್ರ ನನ್ನ ಗಂಡನ ಜೊತೆ ಬಾಳಿಸಿ ಅಂತ ಬರೆಸ್ಕೊಳ್ತಾರಲ್ಲ, ಇದನ್ನ ಯಾರು ಕಂಡುಹಿಡಿದಿದ್ದು?’

ನಾನು ಇತಿಹಾಸ ಪಾಠ ಮಾಡುವವಳು. ಅವಳು ಕೇಳಿದ್ದು ಸಿಟ್ಟಿನಲ್ಲಾದರೂ ಪ್ರಶ್ನೆ ನನ್ನ ವಿಷಯದ್ದೇ ಆಗಿತ್ತು. ಆ ದಿನ ಅರ್ಧ ಉತ್ತರ ಗೊತ್ತಿತ್ತು, ಉಳಿದದ್ದನ್ನು ಆಮೇಲೆ ಓದಿಕೊಂಡೆ.

ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳವರು. ಅಲ್ಲಿ 1857ರವರೆಗೆ ಮದುವೆಯ ವ್ಯಾಜ್ಯಗಳೆಲ್ಲ ಚರ್ಚಿನ ಕೈಯಲ್ಲಿದ್ದವು. ಮದುವೆ ಮುರಿದು ಮತ್ತೊಂದು ಮಾಡಿಕೊಳ್ಳಬೇಕಾದರೆ ಪಾರ್ಲಿಮೆಂಟು ಆ ಒಬ್ಬ ವ್ಯಕ್ತಿಗಾಗಿಯೇ ಕಾಯ್ದೆ ಮಾಡಬೇಕಿತ್ತು. ಅದು ಹಣವಂತರಿಗೆ ಮಾತ್ರ ಎಟುಕುವ ಮಾತು. ಚರ್ಚಿನ ದೃಷ್ಟಿಯಲ್ಲಿ ಮದುವೆ ಬಿಡಿಸಲಾಗದ ಗಂಟಾದ್ದರಿಂದ, ಮನೆ ಬಿಟ್ಟವರನ್ನು ಮನೆಗೆ ಕಳಿಸುವುದೇ ಅದರ ಪರಿಹಾರವಾಗಿತ್ತು. ಆಜ್ಞೆ ಮೀರಿದವರಿಗೆ ಹಿಂದೆ ಬಹಿಷ್ಕಾರ, ಆಮೇಲಿನ ಕಾಲದಲ್ಲಿ ಜೈಲು. 1884ರಲ್ಲಿ ಆ ಜೈಲುಶಿಕ್ಷೆಯನ್ನು ಇಂಗ್ಲೆಂಡ್ ತೆಗೆದುಹಾಕಿತು. ಹಾಗೆ ತೆಗೆಯುವಾಗ ಕಾಯ್ದೆಗೆ ಇನ್ನೊಂದು ಮಾತು ಸೇರಿಕೊಂಡಿತು: ‘ಮನೆಗೆ ಬಾ’ ಎಂಬ ಡಿಕ್ರಿಯನ್ನು ಗಂಡ ಪಾಲಿಸದಿದ್ದರೆ ಅವನು ಹೆಂಡತಿಯನ್ನು ತ್ಯಜಿಸಿದನೆಂದೇ ಲೆಕ್ಕ. ಆಗಿನ ಇಂಗ್ಲಿಷ್ ಕಾಯ್ದೆಯಲ್ಲಿ ಹೆಂಡತಿ ವಿಚ್ಛೇದನ ಪಡೆಯಲು ಗಂಡನ ವ್ಯಭಿಚಾರವೊಂದೇ ಸಾಲದು, ಅದರ ಜೊತೆ ಕ್ರೌರ್ಯವನ್ನೋ ತ್ಯಾಗವನ್ನೋ ತೋರಿಸಬೇಕಿತ್ತು. ತ್ಯಾಗಕ್ಕೆ ಎರಡು ವರ್ಷ ಕಾಯಬೇಕು. ಈಗ ಒಂದು ಡಿಕ್ರಿ ಪಡೆದರೆ ಆ ಎರಡು ವರ್ಷ ತಪ್ಪಿತು. ಬಿಡುಗಡೆ ಬಯಸಿದ ಹೆಂಗಸು ‘ದಯವಿಟ್ಟು ಮನೆಗೆ ಬನ್ನಿ’ ಎಂದು ಗಂಡನಿಗೆ ಪತ್ರ ಬರೆಯುವುದು, ಅವನು ಬರುವುದಿಲ್ಲವೆನ್ನುವುದು, ಆ ಪತ್ರಗಳು ಕೋರ್ಟಿಗೆ ಹೋಗುವುದು ಒಂದು ಪದ್ಧತಿಯೇ ಆಯಿತು. ನಮ್ಮ ವಕೀಲರು ಹೇಳಿದ ಉಪಾಯ ಅವರದಲ್ಲ. ಅದಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಭಾರತದಲ್ಲಿ ಇದರ ಬೇರು ಅದಕ್ಕಿಂತ ಹಿಂದಿನದು. 1866ರಲ್ಲಿ ಬ್ರಿಟಿಷ್ ಸರ್ಕಾರ ಕ್ರೈಸ್ತ ಧರ್ಮಕ್ಕೆ ಸೇರಿದ ದೇಶೀಯರ ಮದುವೆಗಳ ಬಗ್ಗೆ ಒಂದು ಕಾಯ್ದೆ ಮಾಡಿತು. ಗಂಡ ಕ್ರೈಸ್ತನಾದ, ಹೆಂಡತಿ ಆಗಲಿಲ್ಲ. ಜಾತಿ ಕೆಟ್ಟವನ ಮನೆಗೆ ಬರಲಾರೆ ಎಂದು ತವರಿನಲ್ಲಿ ಉಳಿದಳು. ಈಗ ಅವನ ಗತಿಯೇನು? ಅವನು ಕ್ರೈಸ್ತ, ಇನ್ನೊಂದು ಮದುವೆಯಾಗುವಂತಿಲ್ಲ. ಹೆಂಡತಿಯೇ ಕ್ರೈಸ್ತಳಾದರೂ ಇದೇ ಪಾಡು. ಈ ಗಂಟು ಬಿಡಿಸಲು ಕಾಯ್ದೆ ತೋರಿದ ದಾರಿಯ ಮೊದಲ ಹೆಜ್ಜೆ ವಿಚ್ಛೇದನದ ದಾವೆಯಲ್ಲ. ಆರು ತಿಂಗಳು ದೂರವಿದ್ದ ಸಂಗಾತಿಯ ಮೇಲೆ ಮತಾಂತರಗೊಂಡವರು ‘ನನ್ನೊಡನೆ ಬಾಳಲಿ’ ಎಂದೇ ದಾವೆ ಹೂಡಬೇಕು. ನ್ಯಾಯಾಧೀಶರು ಎದುರುಪಕ್ಷದವರನ್ನು ಕರೆಸಿ, ನಿನ್ನ ಮನಸ್ಸೇನು ಎಂದು ಕೇಳಬೇಕು. ‘ಬರುವುದಿಲ್ಲ’ ಎಂದರೆ ದಾವೆಯನ್ನು ಒಂದು ವರ್ಷ ಮುಂದೂಡಬೇಕು. ವರ್ಷ ಕಳೆದ ಮೇಲೆ ಮತ್ತೆ ಕರೆಸಿ ಅದೇ ಪ್ರಶ್ನೆ. ಉತ್ತರವೂ ಅದೇ ಆದರೆ ಆಗ ಮದುವೆ ರದ್ದು. ಕೂಡಿ ಬಾಳಲಿ ಎಂದು ಕೇಳು, ಒಂದು ವರ್ಷ ಕಾಯಿ, ಆಮೇಲೆ ಬಿಡುಗಡೆ. ನನ್ನ ತಂಗಿಯ ಮುಂದೆ ಇಟ್ಟ ದಾರಿಯ ನಕ್ಷೆ ಪೂರ್ತಿಯಾಗಿ ಅಲ್ಲಿದೆ. ಆ ಕಾಯ್ದೆಯನ್ನು ಓದಿದಾಗ ನನಗೆ ನಗು ಬಂತು. ಆದರೆ ಅದರಲ್ಲಿ ಒಂದು ಮರ್ಯಾದೆಯೂ ಇತ್ತು ಎನ್ನಬೇಕು. ಬರಲು ಮನಸ್ಸಿಲ್ಲದವರನ್ನು ಅದು ಜೈಲಿಗೆ ಕಳಿಸುತ್ತಿರಲಿಲ್ಲ, ಎರಡು ಸಲ ಕೇಳಿ ಬಿಟ್ಟುಬಿಡುತ್ತಿತ್ತು.

ಜೈಲಿನ ಮಾತು ಬಂದದ್ದು ರುಖ್ಮಾಬಾಯಿಯ ಮೊಕದ್ದಮೆಯಲ್ಲಿ. ಈ ಕಥೆ ಕನ್ನಡ ಓದುಗರಿಗೆ ಹೊಸದಲ್ಲ. ಆದರೂ ಅದರಲ್ಲಿ ಯಾರು ಏನನ್ನು ಕೇಳಿದರು ಎಂಬುದನ್ನು ಸರಿಯಾಗಿ ನೋಡಬೇಕು. ಬಹಳ ಕಡೆ ಇದನ್ನು ‘ಭಾರತದ ಮೊದಲ ವಿಚ್ಛೇದನ ಪ್ರಕರಣ’ ಎಂದು ಬರೆಯುತ್ತಾರೆ. ಅದು ತಪ್ಪು. ರುಖ್ಮಾಬಾಯಿ ವಿಚ್ಛೇದನ ಕೇಳಲಿಲ್ಲ. ಕೇಳುವುದಕ್ಕೆ ಅವಳ ಪಾಲಿಗೆ ಕಾಯ್ದೆಯೇ ಇರಲಿಲ್ಲ.

1864ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹುಡುಗಿ. ಸುತಾರ, ಅಂದರೆ ಬಡಗಿಗಳ ಜಾತಿ. ಅವಳ ತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಜಾತಿಯ ರೂಢಿಯಂತೆ ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುಮದುವೆಯಾದವಳು. ಹನ್ನೊಂದನೆಯ ವಯಸ್ಸಿಗೆ ರುಖ್ಮಾಬಾಯಿಯ ಮದುವೆ ದಾದಾಜಿ ಭಿಕಾಜಿ ಎಂಬವನೊಡನೆ ಆಯಿತು. ಅವಳು ಅವನ ಮನೆಗೆ ಹೋಗಲಿಲ್ಲ. ಮಲತಂದೆಯ ಮನೆಯಲ್ಲೇ ಬೆಳೆದು, ಸಿಕ್ಕ ಪುಸ್ತಕಗಳನ್ನು ಓದಿಕೊಂಡಳು. 1884ರಲ್ಲಿ ದಾದಾಜಿ ಮುಂಬಯಿ ಹೈಕೋರ್ಟಿನಲ್ಲಿ ದಾಂಪತ್ಯ ಹಕ್ಕಿನ ದಾವೆ ಹೂಡಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅದನ್ನು ವಜಾ ಮಾಡಿದರು. ಅವರ ವಾದದ ತಿರುಳು ಸರಳವಾಗಿತ್ತು: ಈ ಬಗೆಯ ದಾವೆ ಹಿಂದೂ ಶಾಸ್ತ್ರದಲ್ಲಿ ಇಲ್ಲ, ಇಂಗ್ಲೆಂಡಿನಿಂದ ತಂದದ್ದು, ಅಲ್ಲಿಯೇ ಅದು ಬೇಡವಾಗುತ್ತಿದೆ, ಅಷ್ಟಲ್ಲದೆ ಈ ಇಬ್ಬರೂ ಎಂದೂ ಕೂಡಿ ಬಾಳಿಯೇ ಇಲ್ಲದಿರುವಾಗ ‘ಪುನಃ’ ಸ್ಥಾಪಿಸುವುದು ಏನನ್ನು?

ಆ ಹೊತ್ತಿಗೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಾಲ್ಯವಿವಾಹದ ಬಗ್ಗೆ ‘ಒಬ್ಬ ಹಿಂದೂ ಮಹಿಳೆ’ ಎಂಬ ಹೆಸರಿನಲ್ಲಿ ಪತ್ರಗಳು ಬರುತ್ತಿದ್ದವು. ಬರೆದವಳು ಇವಳೇ. ತಿಲಕರ ಪತ್ರಿಕೆಗಳು ತೀರ್ಪನ್ನು ಹಿಂದೂ ಧರ್ಮದ ಮೇಲಿನ ದಾಳಿಯೆಂದವು. ಇಲ್ಲೊಂದು ಸ್ವಾರಸ್ಯವಿದೆ: ಹಿಂದೂ ಧರ್ಮದ ಹೆಸರಿನಲ್ಲಿ ಅವರು ಕಾಪಾಡಲು ಹೊರಟ ದಾವೆ ಇಂಗ್ಲೆಂಡಿನ ಪಾದ್ರಿಗಳ ಸೃಷ್ಟಿ! ನಮ್ಮಲ್ಲಿ ‘ಸನಾತನ’ವೆಂದು ಕರೆಸಿಕೊಂಡು ಬಂದ ಎಷ್ಟೋ ಸಂಗತಿಗಳ ತವರು ಹೀಗೆಯೇ ಎಲ್ಲೆಲ್ಲೋ ಇರುತ್ತದೆ. 1886ರಲ್ಲಿ ಮೇಲ್ಮನವಿಯ ಪೀಠ ಪಿನ್ಹೆಯವರ ತೀರ್ಪನ್ನು ತಿರಸ್ಕರಿಸಿ, ದಾವೆ ನಡೆಯಲಿ ಎಂದು ಮರಳಿ ಕಳಿಸಿತು. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್ ಆಜ್ಞೆ ಮಾಡಿದರು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆ. ಇಂಗ್ಲೆಂಡ್ ಈ ಸೆರೆವಾಸವನ್ನು ಕೈಬಿಟ್ಟು ಮೂರು ವರ್ಷವಾಗಿತ್ತು. ಸೆರೆಗೆ ಹೋಗುತ್ತೇನೆ, ಆ ಮನೆಗೆ ಹೋಗುವುದಿಲ್ಲ ಎಂದಳು ರುಖ್ಮಾಬಾಯಿ.

ಅವಳು ಜೈಲಿಗೂ ಹೋಗಲಿಲ್ಲ, ಗಂಡನ ಮನೆಗೂ ಹೋಗಲಿಲ್ಲ. 1888ರಲ್ಲಿ ರಾಜಿಯಾಯಿತು. 2000 ರೂಪಾಯಿ ತೆಗೆದುಕೊಂಡು ದಾದಾಜಿ ಡಿಕ್ರಿಯನ್ನು ಜಾರಿ ಮಾಡಿಸುವುದಿಲ್ಲವೆಂದು ಒಪ್ಪಿದ, ಬೇರೆ ಮದುವೆಯಾದ. ಗಂಡಸಿಗೆ ಆಗ ಎಷ್ಟು ಮದುವೆಗಾದರೂ ಅಡ್ಡಿಯಿರಲಿಲ್ಲ. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯ ವಿದ್ಯೆ ಕಲಿತು, ಮರಳಿ ಸೂರತ್ತಿನಲ್ಲಿ, ರಾಜಕೋಟೆಯಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದಳು. ಕಾಯ್ದೆಯ ಲೆಕ್ಕದಲ್ಲಿ ಅವಳ ಮದುವೆ ಮುರಿಯಲೇ ಇಲ್ಲ. ಅವಳು ತೀರಿಕೊಂಡದ್ದು 1955ರ ಸೆಪ್ಟೆಂಬರ್ 25ರಂದು. ಹಿಂದೂ ಹೆಂಗಸಿಗೆ ದೇಶದುದ್ದಕ್ಕೂ ವಿಚ್ಛೇದನದ ಹಕ್ಕು ಕೊಟ್ಟ ಕಾಯ್ದೆ ಅದೇ ವರ್ಷ ಮೇ 18ರಂದು ಜಾರಿಗೆ ಬಂದಿತ್ತು.

ಡಿಕ್ರಿ ಪಾಲಿಸದ ಗಂಡ ಹೆಂಡಿರನ್ನು ಜೈಲಿಗೆ ಹಾಕುವ ನಿಯಮವನ್ನು ಭಾರತದಲ್ಲಿ ತೆಗೆದದ್ದು 1923ರಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಿಂದ. ಆಸ್ತಿ ಜಪ್ತಿಯ ನಿಯಮ ಇಂದಿಗೂ ಅಲ್ಲಿ ಕೂತಿದೆ.

ಹಾಗಾದರೆ ಇಂಗ್ಲಿಷರು ಬರುವ ಮುಂಚೆ ನಮ್ಮಲ್ಲಿ ಬಿಡುಗಡೆ ಇರಲಿಲ್ಲವೇ? ಇತ್ತು, ಎಲ್ಲರಿಗೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಗಂಡ ಹೆಂಡಿರಿಬ್ಬರಿಗೂ ಪರಸ್ಪರ ದ್ವೇಷವಿದ್ದರೆ ಬಿಡುಗಡೆಯುಂಟು ಎನ್ನುತ್ತದೆ. ಆದರೆ ಧರ್ಮವಿವಾಹವೆಂದು ಹೆಸರಾದ ನಾಲ್ಕು ಬಗೆಯ ಮದುವೆಗಳಿಗೆ ಆ ಸೌಲಭ್ಯವಿಲ್ಲವೆಂದೂ ಸೇರಿಸುತ್ತದೆ. ಜನರ ನಡುವೆ ಶಾಸ್ತ್ರಕ್ಕಿಂತ ರೂಢಿ ದೊಡ್ಡದಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಡಚೀಟಿ ಎಂಬ ಮಾತು ಇನ್ನೂ ಜೀವಂತ. ಮರಾಠಿಯಿಂದ ಬಂದ ಪದ. ಬಿಡುವ ಚೀಟಿ ಎಂದು ಅರ್ಥ. ಹಿರಿಯರನ್ನು ಕೂಡಿಸಿ, ಕೊಟ್ಟದ್ದು ತಂದದ್ದು ಲೆಕ್ಕ ಹಾಕಿ, ಚೀಟಿ ಬರೆದುಕೊಟ್ಟರೆ ಆಯಿತು. ಆಮೇಲೆ ಹೆಣ್ಣು ಉಡಿಕೆಯೋ ಕೂಡಿಕೆಯೋ ಆಗಬಹುದು. ಮೊದಲ ಮದುವೆಯ ಮರ್ಯಾದೆ ಅದಕ್ಕಿರಲಿಲ್ಲ, ಎಷ್ಟೋ ಶುಭಕಾರ್ಯಗಳಲ್ಲಿ ಉಡಿಕೆಯ ಹೆಂಗಸನ್ನು ಹಿಂದೆ ನಿಲ್ಲಿಸುತ್ತಿದ್ದರು. ಆದರೂ ಅದು ಮದುವೆಯೇ, ಹುಟ್ಟಿದ ಮಕ್ಕಳಿಗೆ ಮನೆಯಿತ್ತು. ಬ್ರಾಹ್ಮಣರಲ್ಲಿ, ಅವರನ್ನು ನೋಡಿ ನಡೆದ ಮೇಲು ಜಾತಿಗಳಲ್ಲಿ ಈ ದಾರಿ ಮುಚ್ಚಿತ್ತು. ನಮ್ಮ ಕಾದಂಬರಿಗಳು ತುಂಬ ಕಾಲ ಮುಚ್ಚಿದ ಬಾಗಿಲಿನ ಈಚೆ ಬದಿಯ ಹೆಂಗಸರ ಬಗ್ಗೆಯೇ ಬರೆದದ್ದರಿಂದ, ಬಾಗಿಲೇ ಇರಲಿಲ್ಲವೆಂಬ ಭ್ರಮೆ ಓದುಗರಿಗೆ ಹುಟ್ಟಿದೆಯೇನೋ ಎಂದು ನನಗೆ ಅನುಮಾನ.

ಈ ಮಾತನ್ನು ಲೋಕಸಭೆಗೂ ಮುಂಚಿನ ಸಂವಿಧಾನ ಸಭೆಯ ಶಾಸನ ಕಲಾಪದಲ್ಲಿ ಬಲವಾಗಿ ಹೇಳಿದವರು ಅಂಬೇಡ್ಕರ್. ಹಿಂದೂ ಕೋಡ್ ಬಿಲ್ಲನ್ನು ವಿರೋಧಿಸಿದವರು ವಿಚ್ಛೇದನ ನಮ್ಮ ಸಂಸ್ಕೃತಿಗೆ ಹೊರಗಿನದೆಂದಾಗ, ಶೂದ್ರರೆನಿಸಿಕೊಂಡ ಬಹುಸಂಖ್ಯೆಯ ಹಿಂದೂಗಳಲ್ಲಿ ರೂಢಿಯ ವಿಚ್ಛೇದನ ಇದ್ದೇ ಇದೆ, ನೀವು ಸಂಸ್ಕೃತಿಯೆನ್ನುವುದು ಅಲ್ಪಸಂಖ್ಯೆಯ ಜನರ ನಡೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಆ ಬಿಲ್ಲಿನ ಮೊದಲ ಕರಡಿನ ಹಿಂದೆ ನಮ್ಮ ಕರಾವಳಿಯ ಕೈಯೂ ಇದೆ. 1941ರಲ್ಲಿ ನೇಮಕವಾದ, 1944ರಲ್ಲಿ ಮತ್ತೆ ಜೀವ ತಳೆದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾವ್. ಬಿಲ್ಲು ಸಭೆಯಲ್ಲಿ ಎಳೆದಾಡಿ ನಿಂತುಹೋದಾಗ, 1951ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಮಂತ್ರಿಪದವಿ ಬಿಟ್ಟರು.

ಈ ನಡುವೆ ಕೆಲವು ಪ್ರಾಂತಗಳು ಕಾಯದೆ ಮುಂದೆ ಹೋಗಿದ್ದವು. ಬರೋಡ ಸಂಸ್ಥಾನ 1931ರಲ್ಲೇ ಹಿಂದೂ ವಿಚ್ಛೇದನ ಕಾಯ್ದೆ ತಂದಿತು. ಮುಂಬಯಿ ಪ್ರಾಂತ 1947ರಲ್ಲಿ, ಮದ್ರಾಸು 1949ರಲ್ಲಿ. ಇದನ್ನು ಕರ್ನಾಟಕದ ಭೂಪಟದ ಮೇಲೆ ಹಾಸಿ ನೋಡಿದರೆ ವಿಚಿತ್ರ ಚಿತ್ರ ಸಿಗುತ್ತದೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿಗೆ ಸೇರಿದ್ದವು. ಅಲ್ಲಿನ ಹಿಂದೂ ಹೆಂಗಸಿಗೆ 1947ರಿಂದ ಕೋರ್ಟಿನ ದಾರಿ ತೆರೆದಿತ್ತು. ಮಂಗಳೂರಿನವಳಿಗೆ ಮದ್ರಾಸಿನ ಕಾಯ್ದೆ. ಹೆಂಗಸರ ಆಸ್ತಿ ಹಕ್ಕಿಗೆ 1933ರಲ್ಲೇ ಕಾಯ್ದೆ ತಂದು ಹೆಸರಾದದ್ದು ಮೈಸೂರು ಸಂಸ್ಥಾನ. ಆದರೆ 1955ರ ಕಾಯ್ದೆ ತನಗಿಂತ ಹಿಂದಿನ ಯಾವ್ಯಾವ ಕಾಯ್ದೆಗಳನ್ನು ರದ್ದು ಮಾಡುತ್ತೇನೆಂದು ಕೊಡುವ ಪಟ್ಟಿಯಲ್ಲಿ ಮುಂಬಯಿ, ಮದ್ರಾಸು, ಸೌರಾಷ್ಟ್ರಗಳ ಹೆಸರಿದೆ, ಮೈಸೂರಿನ ಹೆಸರಿಲ್ಲ. ರದ್ದು ಮಾಡಲು ಅಲ್ಲಿ ಏನೂ ಇರಲಿಲ್ಲ. ಗದಗಿನಲ್ಲಿ ಮದುವೆಯಾದವಳಿಗೆ ಇದ್ದ ಹಕ್ಕು ದಾವಣಗೆರೆಯಲ್ಲಿ ಮದುವೆಯಾದ ಅವಳ ತಂಗಿಗೆ ಇರಲಿಲ್ಲ. ರೂಢಿಯ ಸೋಡಚೀಟಿ ಮಾತ್ರ ಎರಡೂ ಕಡೆ ಓಡಾಡುತ್ತಿತ್ತು.

ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆ ಕೋರ್ಟಿನ ಮೂಲಕ ಬಿಡುಗಡೆ ಪಡೆಯುವ ಕಾರಣಗಳನ್ನು ಪಟ್ಟಿ ಮಾಡಿಕೊಟ್ಟಿತು. ಕ್ರೈಸ್ತರದು 1869ರ ಕಾಯ್ದೆ. ಅದರಲ್ಲಿ ಇಂಗ್ಲೆಂಡಿನ ಹಳೆಯ ತಾರತಮ್ಯ 2001ರವರೆಗೆ ಹಾಗೇ ಇತ್ತು, ಜಿಲ್ಲಾ ನ್ಯಾಯಾಲಯ ಕೊಟ್ಟ ವಿಚ್ಛೇದನಕ್ಕೆ ಹೈಕೋರ್ಟು ಮುದ್ರೆ ಒತ್ತುವವರೆಗೆ ಅದು ಗಟ್ಟಿಯಾಗುತ್ತಿರಲಿಲ್ಲ. ಇವೆರಡೂ ಬೇರೆ ಬರಹಗಳಿಗೇ ತಕ್ಕ ವಿಷಯ. ನಾನು ನನ್ನ ತಂಗಿಯ ಕಾಗದಕ್ಕೆ ಮರಳುತ್ತೇನೆ.

1955ರ ಕಾಯ್ದೆ ವಿಚ್ಛೇದನ ಕೊಟ್ಟಿತು ಎನ್ನುತ್ತೇವೆ. ಅದನ್ನು ಮೂಲ ರೂಪದಲ್ಲಿ ಓದಿದರೆ ಕೊಡುವ ಕೈ ಎಷ್ಟು ಬಿಗಿಯಾಗಿತ್ತೆಂದು ಗೊತ್ತಾಗುತ್ತದೆ. ಮದುವೆಯಾಗಿ ಮೂರು ವರ್ಷ ಅರ್ಜಿಯನ್ನೇ ಹಾಕುವಂತಿಲ್ಲ. ಗಂಡ ಹೊಡೆಯುತ್ತಾನೆ, ಬಿಟ್ಟುಹೋಗಿದ್ದಾನೆ ಎಂಬುವು ವಿಚ್ಛೇದನಕ್ಕೆ ಕಾರಣಗಳೇ ಅಲ್ಲ! ಅವುಗಳ ಮೇಲೆ ಕೇಳಬಹುದಾದದ್ದು ‘ನ್ಯಾಯಿಕ ಬೇರ್ಪಡೆ’ ಮಾತ್ರ. ಅಂದರೆ ಬೇರೆ ಇರಬಹುದು, ಮದುವೆ ಉಳಿದಿರುತ್ತದೆ. ಆ ಡಿಕ್ರಿಯಾಗಿ ಎರಡು ವರ್ಷ ಕಳೆದರೆ ಆಮೇಲೆ ಇನ್ನೊಂದು ಅರ್ಜಿ. ಹೊಡೆತ ತಿಂದ ಹೆಂಗಸು ಎರಡು ಮೊಕದ್ದಮೆ ನಡೆಸಬೇಕು. ಇದಕ್ಕೆ ಜೋಡಿಯಾಗಿ ಒಂಬತ್ತನೆಯ ಕಲಮಿನ ದಾರಿ: ‘ಕೂಡಿ ಬಾಳಿಸಿ’ ಎಂಬ ಡಿಕ್ರಿ ಪಡೆದು, ಅದು ಎರಡು ವರ್ಷ ಪಾಲನೆಯಾಗದಿದ್ದರೆ ಡಿಕ್ರಿ ಪಡೆದವರು ವಿಚ್ಛೇದನ ಕೇಳಬಹುದು.

ಸಭೆಯಲ್ಲಿ ಸಂಪ್ರದಾಯಸ್ಥರನ್ನು ಸಮಾಧಾನಪಡಿಸಲು ಈ ಸುತ್ತುದಾರಿಗಳು ಬೇಕಾಗಿದ್ದವು ಎನಿಸುತ್ತದೆ. ಆದರೆ ಸುತ್ತುದಾರಿಗಳೂ ನೇರ ದಾರಿಯಷ್ಟೇ ಜನನಿಬಿಡವಾದವು. 1964ರ ತಿದ್ದುಪಡಿ ಡಿಕ್ರಿ ಪಡೆದವರಷ್ಟೇ ಅಲ್ಲ, ಡಿಕ್ರಿಯನ್ನು ಪಾಲಿಸದೇ ಇದ್ದವರೂ ಅದರ ಮೇಲೆ ವಿಚ್ಛೇದನ ಕೇಳಬಹುದು ಎಂದಿತು. 1976ರದು ದೊಡ್ಡ ತಿದ್ದುಪಡಿ. ಕ್ರೌರ್ಯ ಮತ್ತು ತ್ಯಾಗ ವಿಚ್ಛೇದನದ ಕಾರಣಗಳಾದದ್ದು, ಮೂರು ವರ್ಷದ ತಡೆ ಒಂದು ವರ್ಷಕ್ಕಿಳಿದದ್ದು, ಡಿಕ್ರಿಯ ನಂತರದ ಎರಡು ವರ್ಷವೂ ಒಂದಾದದ್ದು, ಇಬ್ಬರೂ ಒಪ್ಪಿ ಬಿಡುವ ‘ಪರಸ್ಪರ ಸಮ್ಮತಿ’ಯ ಕಲಮು ಬಂದದ್ದು ಎಲ್ಲ ಆಗಲೇ.

1964ರ ಆ ಚಿಕ್ಕ ಬದಲಾವಣೆ ಏನು ಮಾಡಬಲ್ಲದೆಂಬುದಕ್ಕೆ ಜಲಂಧರದ ಒಂದು ಮೊಕದ್ದಮೆ ಸಾಕು. 1975ರಲ್ಲಿ ಮದುವೆ. ಗಂಡ ಮನೆಯಿಂದ ಹೊರಹಾಕಿದನೆಂದು ಹೆಂಡತಿ 1977ರಲ್ಲಿ ಒಂಬತ್ತನೆಯ ಕಲಮಿನಡಿ ಅರ್ಜಿ ಹಾಕಿದಳು; ಅವಳಿಗೆ ನಿಜವಾಗಿ ಮನೆಗೆ ಹೋಗುವುದಿತ್ತು. 1978ರ ಮಾರ್ಚಿನಲ್ಲಿ ಗಂಡ ಕೋರ್ಟಿಗೆ ಬಂದು, ಅರ್ಜಿ ಮಂಜೂರಾಗಲಿ, ನನ್ನ ಅಡ್ಡಿಯಿಲ್ಲ ಎಂದ. ಡಿಕ್ರಿಯಾಯಿತು. ಅವಳು ಗೆದ್ದಳು. ಸರಿಯಾಗಿ ಒಂದು ವರ್ಷ ದಾಟಿದ ಮೇಲೆ, 1979ರ ಏಪ್ರಿಲಿನಲ್ಲಿ, ಅವನು ವಿಚ್ಛೇದನದ ಅರ್ಜಿ ಹಾಕಿದ: ಡಿಕ್ರಿಯಾಗಿ ವರ್ಷವಾದರೂ ನಾವು ಕೂಡಿ ಬಾಳಿಲ್ಲ. ಎರಡು ದಿನ ಇಟ್ಟುಕೊಂಡು ಮತ್ತೆ ಹೊರಹಾಕಿದನೆಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಜಿಲ್ಲಾ ನ್ಯಾಯಾಲಯ ಅವನ ಅರ್ಜಿಯನ್ನು ತಳ್ಳಿಹಾಕಿತಾದರೂ ಹೈಕೋರ್ಟು ವಿಚ್ಛೇದನ ಕೊಟ್ಟಿತು, 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮನೆಗೆ ಸೇರಿಸಿ ಎಂದು ಅವಳು ಬರೆದ ಕಾಗದವೇ ಅವಳನ್ನು ಮನೆಯಿಂದ ಕಳಿಸುವ ಕಾಗದವಾಯಿತು.

ಅದೇ ತೀರ್ಪು ಇನ್ನೊಂದು ಪ್ರಶ್ನೆಯನ್ನೂ ಮುಚ್ಚಿತು. ಒಂದು ವರ್ಷ ಮುಂಚೆ, 1983ರಲ್ಲಿ, ದಕ್ಷಿಣ ಭಾರತದ ಚಿತ್ರನಟಿಯೊಬ್ಬರ ಪ್ರಕರಣದಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌಧರಿಯವರು ಒಂಬತ್ತನೆಯ ಕಲಮನ್ನೇ ಸಂವಿಧಾನಬಾಹಿರವೆಂದಿದ್ದರು. ಒಲ್ಲದ ಹೆಣ್ಣನ್ನು ಗಂಡನ ಬಳಿಗೆ ತಳ್ಳುವ ಆಜ್ಞೆ ಅವಳ ದೇಹದ ಮೇಲಿನ, ಅವಳ ಖಾಸಗಿತನದ ಮೇಲಿನ ಹಕ್ಕನ್ನು ಕಿತ್ತುಕೊಳ್ಳುತ್ತದೆ ಎಂಬುದು ಅವರ ನಿಲುವು. ಸುಪ್ರೀಂ ಕೋರ್ಟು ಒಪ್ಪಲಿಲ್ಲ; ಮದುವೆ ಮುರಿಯದಂತೆ ತಡೆಯುವುದೇ ಈ ಕಲಮಿನ ಉದ್ದೇಶವೆಂದಿತು. ಇಂಗ್ಲೆಂಡ್ ಈ ದಾವೆಯನ್ನು 1970ರ ಕಾಯ್ದೆಯಿಂದ ಪೂರ್ತಿ ರದ್ದು ಮಾಡಿ ಆಗಲೇ ಹದಿನಾಲ್ಕು ವರ್ಷವಾಗಿತ್ತು. ಚೌಧರಿಯವರ ತೀರ್ಪನ್ನು ನನ್ನ ವಿದ್ಯಾರ್ಥಿಗಳು ಓದಲಿ ಎಂದು ನನಗೆ ಆಸೆ. ಸೋತ ತೀರ್ಪುಗಳಲ್ಲಿ ಆ ಕಾಲದ ಅರ್ಧ ಇತಿಹಾಸ ಇರುತ್ತದೆ.

ಇಷ್ಟನ್ನು ನಾನು ತಂಗಿಗೆ ಒಂದೇ ದಿನ ಹೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ. ಅದನ್ನು ತಿಳಿಯಲು ನಾವು ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಹೋದೆವು. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಪುಕ್ಕಟೆ ಕಾನೂನು ನೆರವು ಉಂಟು. ಅಲ್ಲಿದ್ದ ವಕೀಲೆ ಮೊದಲು ಕೇಳಿದ್ದು ಮದುವೆ ಯಾವ ಕಾಯ್ದೆಯಡಿ ಆದದ್ದು ಎಂದು. ದೇವಸ್ಥಾನದಲ್ಲಿ ತಾಳಿ ಕಟ್ಟಿ ಆಮೇಲೆ ನೋಂದಣಿ ಮಾಡಿಸಿದ್ದರೆ ಒಂದು, 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಿದ್ದರೆ ಇನ್ನೊಂದು. ಎರಡನೆಯ ಪ್ರಶ್ನೆ, ಯಾವ ಊರಿನ ಕೋರ್ಟು. ಮದುವೆ ನಡೆದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುಪಕ್ಷದವರು ಇರುವ ಊರು ಎಂದಷ್ಟೇ ಮೊದಲಿತ್ತು. ಗಂಡನ ಊರಿಗೆ ಅಲೆಯಲಾರದೆ ಮೊಕದ್ದಮೆ ಬಿಟ್ಟ ಹೆಂಗಸರೆಷ್ಟೋ. 2003ರಲ್ಲಿ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದೆಂಬ ಸಾಲು ಸೇರಿತು. ನನ್ನ ಮಟ್ಟಿಗೆ ಈ ಒಂದು ಸಾಲು ಎಷ್ಟೋ ದೊಡ್ಡ ತೀರ್ಪುಗಳಿಗಿಂತ ಹೆಚ್ಚಿನದು.

ಮನೆಯ ಹಿರಿಯರು ಒಂದು ಸೂಚನೆ ಕೊಟ್ಟಿದ್ದರು: ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯಿಂದ ಮುದ್ರೆ ಹಾಕಿಸಿದರೆ ಮುಗಿಯಿತಲ್ಲ? ವಕೀಲೆ ತಲೆಯಾಡಿಸಿದರು. ರೂಢಿಯ ವಿಚ್ಛೇದನವನ್ನು 1955ರ ಕಾಯ್ದೆ ಉಳಿಸಿಕೊಂಡಿದೆ ನಿಜ, ಆದರೆ ನಮ್ಮ ಜನದಲ್ಲಿ ಅಂಥ ರೂಢಿ ಇದೆಯೆಂದು ಹೇಳಿದವರೇ ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಮುಂದಿನ ಮದುವೆ ತೊಂದರೆಗೆ ಬೀಳುತ್ತದೆ. ಸೋಡಚೀಟಿಯ ಕಾಲ ಹಾಗೆ ಮುಗಿದಿದೆ, ಛಾಪಾ ಕಾಗದ ಮಾರುವವರಿಗೆ ಮಾತ್ರ ಅದು ಗೊತ್ತಾದಂತಿಲ್ಲ.

ಒಂದು ವರ್ಷದ ತಡೆಗೂ ಹೊರದಾರಿಯಿದೆ. ಅರ್ಜಿದಾರರಿಗೆ ಅಸಾಧಾರಣ ಕಷ್ಟವೋ ಎದುರಿನವರ ಅಸಾಧಾರಣ ನೀಚತನವೋ ಇದ್ದರೆ ಕೋರ್ಟಿನ ಅಪ್ಪಣೆ ಪಡೆದು ಮೊದಲೇ ಅರ್ಜಿ ಹಾಕಬಹುದು. ನನ್ನ ತಂಗಿ ಎರಡೂ ತನಗೆ ಅನ್ವಯಿಸುವುದಿಲ್ಲವೆಂದಳು. ‘ಅವನು ನೀಚ ಅಲ್ಲ, ಹೇಡಿ’ ಎಂದಳು. ಸಮ್ಮತಿಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯಾದ ಮೇಲೆ ಆರು ತಿಂಗಳು ಕಾದು ಮತ್ತೊಮ್ಮೆ ಹೌದೆನ್ನಬೇಕು. ಆ ಆರು ತಿಂಗಳು ಕಡ್ಡಾಯವಲ್ಲ, ರಾಜಿಯ ಆಸೆಯೇ ಇಲ್ಲದ ಕಡೆ ಕೋರ್ಟು ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೊಕದ್ದಮೆ ನಡೆಯುವ ಕಾಲದ ಖರ್ಚಿಗೆ ಜೀವನಾಂಶ ಬೇಕಾದರೆ ಅದಕ್ಕೆ ಬೇರೆ ಅರ್ಜಿ. 1984ರ ಕಾಯ್ದೆಯಿಂದ ಹುಟ್ಟಿದ ಕೌಟುಂಬಿಕ ನ್ಯಾಯಾಲಯದಲ್ಲಿ ಏನೇ ಹಾಕಿದರೂ ಮೊದಲು ಕರೆಯುವುದು ಸಂಧಾನಕ್ಕೆ. ರಾಜಿ ಮಾಡಿಸಲು ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದೇ ಕಾಯ್ದೆ ಬರೆದಿದೆ.

ಒಂಬತ್ತನೆಯ ಕಲಮ್ಮಿನ ಕರಡು ಮೊದಲ ವಕೀಲರಿಂದ ವಾಟ್ಸ್ಯಾಪಿನಲ್ಲಿ ಬಂದಿತ್ತು. ಅದರ ಮೂರನೆಯ ಪುಟದಲ್ಲಿ ಅರ್ಜಿದಾರಳು ಪ್ರತಿವಾದಿಯೊಡನೆ ಬಾಳಲು ಸದಾ ಸಿದ್ಧಳಿದ್ದಳು, ಈಗಲೂ ಸಿದ್ಧಳಿದ್ದಾಳೆ ಎಂಬ ವಾಕ್ಯವಿತ್ತು. ಕೊನೆಯ ಪುಟದಲ್ಲಿ, ಮೇಲಿನ ಸಂಗತಿಗಳೆಲ್ಲ ನಾನು ತಿಳಿದಮಟ್ಟಿಗೆ ಸತ್ಯ ಎಂಬ ಪ್ರಮಾಣ, ಅದರ ಕೆಳಗೆ ಸಹಿಗೆ ಜಾಗ. ಅವಳು ಎರಡು ದಿನ ಅದನ್ನು ಇಟ್ಟುಕೊಂಡಿದ್ದು, ಮೂರನೆಯ ದಿನ ಸಹಿ ಹಾಕುವುದಿಲ್ಲವೆಂದಳು. ಚಿಕ್ಕಮ್ಮ ಬೈದರು. ‘ಎಲ್ಲರೂ ಹಾಕ್ತಾರಂತೆ, ಅದೊಂದು ಫಾರ್ಮಾಲಿಟಿ ಅಂತೆ.’

‘ಅಮ್ಮಾ, ಅದು ಸುಳ್ಳು. ಸುಳ್ಳಿಗೆ ನಾನು ಸಹಿ ಹಾಕಲ್ಲ. ಅಷ್ಟೇ.’

ವರ್ಷ ತುಂಬುವವರೆಗೆ ಕಾಯುವುದೆಂದಾಯಿತು. ಆ ಎರಡು ತಿಂಗಳಲ್ಲಿ ಅವನ ಅಣ್ಣನ ಮೂಲಕ ಮಾತುಕತೆ ನಡೆದು, ಸಮ್ಮತಿಯ ಅರ್ಜಿಗೆ ಬರುತ್ತೇನೆಂದು ಅವನಿಂದ ಒಂದು ಸಂದೇಶವೂ ಬಂತು. ಆ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಲು ವಕೀಲೆ ಹೇಳಿದರು. ಅಷ್ಟರಲ್ಲಿ ಕಾಗದಗಳನ್ನು ಒಟ್ಟುಮಾಡಿಕೊಳ್ಳಿ ಎಂದರು: ಆಧಾರ್, ವಿಳಾಸದ ದಾಖಲೆ, ಮದುವೆಯ ಕರೆಯೋಲೆ, ನೋಂದಣಿ ಪತ್ರ, ಮದುವೆಯ ಎರಡು ಫೋಟೋ. ಮದುವೆ ಮುರಿಯಬೇಕಾದರೆ ಮದುವೆಯಾಗಿದೆಯೆಂದು ಮೊದಲು ತೋರಿಸಬೇಕಲ್ಲ.

ಕರೆಯೋಲೆ ನಮ್ಮ ಮನೆಯ ಕಪಾಟಿನಲ್ಲೇ ಸಿಕ್ಕಿತು. ಫೋಟೋ ಇರಲಿಲ್ಲ. ಮೊಬೈಲಿನಲ್ಲಿದ್ದದ್ದನ್ನೆಲ್ಲ ಅವಳು ಎಂದೋ ಅಳಿಸಿಹಾಕಿದ್ದಳು. ಆಲ್ಬಮ್ ಇನ್ನೂ ಫೋಟೋಗ್ರಾಫರನ ಹತ್ತಿರವೇ ಇತ್ತು. ಕೊಡಬೇಕಾದ ಬಾಕಿ ಹಣವನ್ನು ಎರಡು ಮನೆಯವರಲ್ಲಿ ಯಾರು ಕೊಡುವುದೆಂದು ತೀರ್ಮಾನವಾಗದೆ ಅದು ಅಲ್ಲೇ ಉಳಿದಿತ್ತು. ನಾವಿಬ್ಬರೂ ಒಂದು ಸಂಜೆ ಸ್ಟುಡಿಯೋಗೆ ಹೋದೆವು. ಅವನು ನೆನಪಿಟ್ಟುಕೊಂಡಿದ್ದ. ‘ಏನು ಮೇಡಂ, ಇಷ್ಟು ಲೇಟಾಗಿ ಬಂದ್ರಿ, ವರ್ಷ ಆಗ್ತಾ ಬಂತಲ್ಲ’ ಎಂದು ನಗುತ್ತಾ ಮೇಲಿನ ಶೆಲ್ಫಿನಿಂದ ಆಲ್ಬಮ್ ಇಳಿಸಿ ಧೂಳು ಒರೆಸಿದ. ತಂಗಿ ಬಾಕಿಯನ್ನು ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡಳು.